ಲೋರೆ ಎಂಬ ಕುದುರೆಯ ಕಣ್ಣುಪಟ್ಟಿಯ ಬಗ್ಗೆ

ಹೆಸರು: ಅಲೋಯಿಸ್ ಪೊಸ್ಪಿಶಿಲ್. ವಯಸ್ಸು: 58 ವರ್ಷ. ಕಸುಬು: 31 ವರ್ಷದಿಂದ ಸಾರೋಟು ಓಡಿಸುವುದು. ವಾಸ: ಸಿಮ್ಮರಿಂಗ್, 11ನೇ ಜಿಲ್ಲೆ, ವಿಯೆನ್ನಾ.

ಮೇಲ್ಕಂಡ ನಾನು ಈ ದಿನ ಬೆಳಿಗ್ಗೆ 9:20ಕ್ಕೆ ಠಾಣೆಗೆ ನಾನಾಗಿಯೇ ಬಂದು, ಯಾರ ಒತ್ತಾಯವೂ ಇಲ್ಲದೆ ತಿಳಿಸುವುದೇನೆಂದರೆ:

ದೂರುದಾರ ಯೋರ್ನ್ ಹಾರ್ಟೆಲ್ಟ್, ಹ್ಯಾಂಬರ್ಗಿನವನು, ಸುಮಾರು 40 ವರ್ಷ. ಇವನನ್ನು ನಾನು ಮೊದಲು ನೋಡಿದ್ದು ಆಗಸ್ಟ್ 6ರ ಭಾನುವಾರ, ಸ್ಟೆಫಾನ್ ಚರ್ಚಿನ ಪಕ್ಕ ನಮ್ಮ ಸಾರೋಟುಗಳು ನಿಲ್ಲುವ ಜಾಗದಲ್ಲಿ. ಕುತ್ತಿಗೆಯಲ್ಲಿ ಎರಡು ಕ್ಯಾಮೆರಾ ಇದ್ದವು. ದೇವರು ಕೊಟ್ಟ ಎರಡು ಕಣ್ಣು ಸಾಲಲಿಲ್ಲವೆಂದು ಕಾಣುತ್ತದೆ. ಅವನು ಊರೆಲ್ಲ ಸುತ್ತುತ್ತ ಭಾನುವಾರ ನಾಲ್ಕು ಸಲ, ಸೋಮವಾರ ಆರು ಸಲ ನಮ್ಮನ್ನು ಹಾದುಹೋದನು. ಚರ್ಚಿನ ಗೋಪುರ, ಭಿಕ್ಷುಕನ ಬೂಟು, ಸಾಸೇಜು ತಿನ್ನುವ ಮುದುಕಿಯ ಬಾಯಿ, ಚರಂಡಿಯ ಮುಚ್ಚಳ, ಎಲ್ಲದರ ಚಿತ್ರವನ್ನೂ ತೆಗೆದನು. ಯಾವುದನ್ನೂ ಬರಿಗಣ್ಣಿನಲ್ಲಿ ನೋಡಲಿಲ್ಲ. ಇಂಥವರನ್ನು ನಾನು ದಿನಕ್ಕೆ ಮುನ್ನೂರು ಮಂದಿ ನೋಡುತ್ತೇನೆ, ಒಬ್ಬನ ಮೇಲೂ ಗೌರವವಿಲ್ಲ. ಮುಂದಿನ ಸಾರೋಟಿನ ಗೆರ್ಲಿಂಡೆ, ಇವನಪ್ಪ ಸತ್ರೂ ಮೊದ್ಲು ಬೆಳಕು ಸರಿಯಾಗಿದ್ಯಾ ಅಂತ ನೋಡ್ತಾನೆ ಕಣೋ, ಎಂದಳು.

ಆಗಸ್ಟ್ 8ರ ಮಂಗಳವಾರ ಮಧ್ಯಾಹ್ನ 2:10ಕ್ಕೆ ಬಿಸಿಲು 33 ಡಿಗ್ರಿ ಇತ್ತು. 35 ಆದರೆ ಕುದುರೆಗಳನ್ನು ಮನೆಗೆ ಕರೆದೊಯ್ಯುತ್ತೇವೆ. ಎರಡು ಡಿಗ್ರಿ ಕಡಿಮೆಯಿದ್ದುದರಿಂದ ನಾನು ಸಾಲಿನಲ್ಲಿ ಮೂರನೆಯವನಾಗಿ ನಿಂತಿದ್ದೆನು. ಹಾರ್ಟೆಲ್ಟ್ ಬಂದು, ಎಡಗಡೆಯ ಕುದುರೆ ಲೋರೆಯ ಕಣ್ಣು ಬಲು ಚೆಂದ, ಒಂದೇ ನಿಮಿಷ ಕಣ್ಣುಪಟ್ಟಿ ತೆಗೆಯಿರಿ ಎಂದನು. ಇದೇನು ನಿಮ್ಮನೆ ಸೋಫಾನಾ ಸ್ವಾಮಿ, ಕವರು ತೆಗೆಯೋಕೆ, ಎಂದೆನು. ಅದಕ್ಕೆ ಅವನು, ನಿಮ್ಮಂಥ ಮೀಸೆ, ನಿಮ್ಮಂಥ ಟೊಪ್ಪಿ ಈ ಊರಲ್ಲಿ ಇನ್ನೊಂದಿಲ್ಲ, ನನ್ನ ಪುಸ್ತಕದ ಮುಖಪುಟಕ್ಕೆ ನಿಮ್ಮಿಬ್ಬರನ್ನೇ ಹಾಕುತ್ತೇನೆ ಎಂದನು.

ನಾನು ಟೊಪ್ಪಿ ಸರಿಮಾಡಿಕೊಂಡೆನು. ನಂತರ, ಸಮಯ 2:16, ಲೋರೆಯ ಎಡಗಣ್ಣಿನ ಪಟ್ಟಿಯನ್ನು ನನ್ನ ಕೈಯಾರೆ ಬಿಚ್ಚಿದೆನು. ಪಕ್ಕದ್ದು, ಹಿಂದಿನದು ಕಂಡು ಬೆದರದಿರಲೆಂದು ಹಾಕುವ ಈ ಪಟ್ಟಿಯನ್ನು ಗಾಡಿಗೆ ಕಟ್ಟಿದ ಕುದುರೆಯಿಂದ ಬಿಚ್ಚಬಾರದೆಂಬುದು ನಮ್ಮಲ್ಲಿ ಮೊದಲ ದಿನ ಕಲಿಸುವ ಪಾಠ. ನಾನೇ ಹನ್ನೊಂದು ಜನಕ್ಕೆ ಕಲಿಸಿದ್ದೇನೆ.

ಹಾರ್ಟೆಲ್ಟ್ ಸಾರೋಟಿನ ಎಡಗಾಲಿಯ ಹಿಂದೆ, ಎರಡು ಮೀಟರು ದೂರದಲ್ಲಿ ಮಂಡಿಯೂರಿ, ಚಿತ್ರಕ್ಕೆ ಬಿಸಿಲು ಹಾಯಿಸುವ, ಮಡಚಿಟ್ಟಿದ್ದ ಬೆಳ್ಳಿಬಣ್ಣದ ತಟ್ಟೆಯೊಂದನ್ನು ಫಟ್ಟೆಂದು ಬಿಚ್ಚಿದನು. ಲೋರೆ ಹಿಂದಿನದನ್ನು ಕಂಡು ಬೆದರಿ, ಜೋಡಿ ಕುದುರೆಯನ್ನೂ ಎಳೆದುಕೊಂಡು 40 ಮೀಟರು ಓಡಿ, ಕಾಫಿ ಅಂಗಡಿಯ ಎರಡು ಮೇಜು ಕೆಡವಿ, ದಿನವೂ ನೀರು ಕುಡಿಯುವ ನಲ್ಲಿಯ ಹತ್ತಿರ ತಾನಾಗಿಯೇ ನಿಂತಿತು. ನಾನು ಓಡಿಹೋಗಿ ಲಗಾಮು ಹಿಡಿದೆನು. ಅವನು ಚಿತ್ರ ತೆಗೆಯುತ್ತ ಹಿಂದೆ ಹಿಂದೆ ಓಡಿಬಂದು ಎಡವಿ ಬಿದ್ದನು. ಕುದುರೆ ಅವನನ್ನು ಮುಟ್ಟಲಿಲ್ಲ.

ಸಂಜೆ 6:30ಕ್ಕೆ ಸಾರೋಟಿನ ಯಜಮಾನ ಸ್ಟ್ರಾಸ್ನಿಗ್ ಫೋನು ಮಾಡಿ, ಕ್ಯಾಮೆರಾ ಪುಡಿಪುಡಿ ಆಗಿದೆ ಲೋಯಿಸ್, ನೀನು ಪಟ್ಟಿ ಬಿಚ್ಚಿದ್ದು ನೋಡಿದೋರು ಬೇರೆ ಯಾರೂ ಇಲ್ಲ, ಕುದುರೆಗೆ ತಲೆ ಕೆಟ್ಟಿದೆ ಅಂತ ಬರೆಸು, ನಿನ್ನ ಬಿಲ್ಲೆ ಉಳಿಯುತ್ತೆ, ಎಂದನು. ಬಿಲ್ಲೆ ಹೋದರೆ ಸಾರೋಟು ಓಡಿಸುವಂತಿಲ್ಲ. ಆದರೆ ಬೆದರುವ ಕುದುರೆಯೆಂದು ಪೊಲೀಸರ ಕಾಗದದಲ್ಲಿ ಬಂದ ಕುದುರೆ ಅದೇ ವಾರ ಕುದುರೆ ಮಾಂಸದ ಅಂಗಡಿಗೆ ಹೋಗುತ್ತದೆ. ಆ ಅಂಗಡಿಯ ಮಾಂಸವನ್ನು ನಾನೂ ಸಾಸಿವೆ ಹಚ್ಚಿಕೊಂಡು ತಿಂದಿದ್ದೇನೆ. ಯಾರ ಕುದುರೆ ಎಂದು ಕೇಳಿದ್ದಿಲ್ಲ.

ಲೋರೆಗೆ 14 ವರ್ಷ. ಒಂಬತ್ತು ವರ್ಷದಿಂದ ನನ್ನ ಕೈಯಲ್ಲಿದೆ. ಮಾಡಿದ್ದುಣ್ಣೋ ಮಹಾರಾಯ ಎಂಬ ಮಾತು ನನಗೆ ಸಲ್ಲುತ್ತದೆ, ಅದಕ್ಕೆ ಸಲ್ಲುವುದಿಲ್ಲ. ಹಾರ್ಟೆಲ್ಟ್ ಮೂರ್ಖ, ಆದರೆ ಅವನಿಗೆ ಕುದುರೆ ಗೊತ್ತಿಲ್ಲ. ಕುದುರೆ ಗೊತ್ತಿದ್ದವನು ಎರಡು ಹೊಗಳಿಕೆಗೆ ಉಬ್ಬಿದನು. ತಪ್ಪು ಪೂರ್ತಿ ನನ್ನದೆಂದು ಬರೆದುಕೊಳ್ಳಬೇಕು. ಬಿಲ್ಲೆಯನ್ನು ಈ ಮೇಜಿನ ಮೇಲೆ ಇಟ್ಟಿದ್ದೇನೆ.

ನಾನು ಇಷ್ಟು ಹೇಳಿ ಮುಗಿಸಿದ ಮೇಲೆ ಅಧಿಕಾರಿಗಳು, ಎರಡನೇ ಕ್ಯಾಮೆರಾ ಉಳಿದಿದೆಯೆಂದು ತಿಳಿಸಿ, 2:16ರ ಚಿತ್ರವನ್ನು ನನಗೆ ತೋರಿಸಿದರು. ಲೋರೆಯ ಕಣ್ಣು ಚೆನ್ನಾಗಿ ಬಂದಿದೆ. ನನ್ನ ಮೀಸೆ ಇಲ್ಲ, ಟೊಪ್ಪಿ ಇಲ್ಲ. ಪಟ್ಟಿ ಬಿಚ್ಚುತ್ತಿರುವ ಒಂದು ಕೈ ಇದೆ. ಅದು ನನ್ನ ಕೈ ಎಂದು ಗುರುತಿಸುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ಒಂದಕ್ಷರ ತೆಗೆಯುವುದೂ ಬೇಡ, ಸೇರಿಸುವುದೂ ಬೇಡ, ಎಲ್ಲವೂ ನಡೆದದ್ದೇ.

ಸ್ಥಳ: ವಿಯೆನ್ನಾ, 1ನೇ ಜಿಲ್ಲೆ
ದಿನಾಂಕ: 9 ಆಗಸ್ಟ್ 2023

(ಸಹಿ) ಅ. ಪೊಸ್ಪಿಶಿಲ್