ಸಡಿಲವಾದ ತಿರುಪು

ಕ್ಯಾಮೆರಾ ಅಂಗಡಿಯ ರಿಪೇರಿ ಸಾಲಿನಲ್ಲಿ ನನ್ನ ಮುಂದೆ ಅಣ್ಣ ತಂಗಿ ನಿಂತಿದ್ದರು. ಅಣ್ಣನಿಗೆ ಅರವತ್ತರ ಹತ್ತಿರ. ಅವನ ಹೆಗಲ ಮೇಲೆ ಹಳೆಯ ದೊಡ್ಡ ವಿಡಿಯೊ ಕ್ಯಾಮೆರಾ. ತಂಗಿ ಗಾಜಿನ ಕಪಾಟಿನಲ್ಲಿದ್ದ ಹೊಸದನ್ನು ನೋಡುತ್ತಿದ್ದಳು.

“ಅದನ್ನೇ ತಗೊಳ್ಳೋಣ ಅಣ್ಣ. ಇದರ ಅರ್ಧ ಭಾರನೂ ಇಲ್ಲ.”

“ಅದು ಹೆಗಲ ಮೇಲೆ ಕೂರಲ್ಲ. ದಿನವಿಡೀ ಕೈಯಲ್ಲೇ ಹಿಡ್ಕೋಬೇಕು.”

“ಕೈ ಅಲುಗಾಡಿದ್ರೂ ಚಿತ್ರ ಅಲುಗಾಡಲ್ವಂತೆ. ಅದೇ ಸರಿ ಮಾಡ್ಕೊಳ್ಳುತ್ತೆ.”

“ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಳಂತೆ. ಕೈ ನಿಲ್ಲದವರಿಗೆ ಮಾಡಿರೋದು ಅದು. ನಮ್ಮದರಲ್ಲಿ ಲೆನ್ಸಿನ ತಿರುಪು ಸಡಿಲ ಆಗಿ ಚಿತ್ರ ಅಲುಗಾಡ್ತಿದೆ, ಬಿಗಿ ಮಾಡಿಸಿದ್ರೆ ಸಾಕು.”

ಅವಳು ಕಪಾಟು ಬಿಟ್ಟು ಅವನ ಕಡೆ ತಿರುಗಿದಳು.

“ಹೋದ ವಾರ ನಾವು ವಿಡಿಯೊ ತೆಗೆದ ಮದುವೇಲಿ ನೀನು ಊಟಕ್ಕೆ ಹೋದಾಗ ಇದನ್ನ ಯಾರು ಹಿಡಿದಿದ್ರು?”

“ನೀನೇ.”

“ನಿನ್ನೆ ನೀನಿಲ್ಲದಾಗ ನಾನೇ ಎಡಿಟಿಂಗಿಗೆ ಕೂತು ನೋಡಿದೆ. ಆ ಅರ್ಧ ಗಂಟೆ ಮಾತ್ರ ಅಲುಗಾಡಿಲ್ಲ.”

ಅವನು ತನ್ನ ಬಲಗೈಯನ್ನು ಜೇಬಿಗೆ ಇಳಿಸಿದ.

“ಎಷ್ಟು ದಿನದಿಂದ ಕೈ ಹೀಗೆ?”

“ಒಂದು ವರ್ಷ ಆಯ್ತು. ಒಂದೊಂದು ಶಾಟನ್ನೂ ಕೂತು ಸರಿ ಮಾಡ್ತಿದ್ದೀನಿ.”

“ಅದಕ್ಕೇನಾ ವಿಡಿಯೊ ಕೊಡೋದು ತಡ ಆಗ್ತಿದ್ದಿದ್ದು? ನಾನು ನಿನ್ನ ಬೈತಿದ್ನಲ್ಲ.”

“ಬೈಸ್ಕೊಳ್ಳೋದೇ ಸುಲಭ ಅನ್ನಿಸ್ತು.”

ಸಾಲು ಮುಂದೆ ಸರಿಯಿತು. ರಿಪೇರಿಯವನು ಕೈ ಚಾಚಿ ಕೇಳಿದ, “ಏನಾಗಿದೆ ಇದಕ್ಕೆ?”

“ಇದಕ್ಕೇನೂ ಆಗಿಲ್ಲಪ್ಪ,” ಎಂದ ಅಣ್ಣ.

ಕ್ಯಾಮೆರಾವನ್ನು ಹೆಗಲಿನಿಂದ ಇಳಿಸಿ ತಂಗಿಯ ಹೆಗಲಿಗೆ ಏರಿಸಿದ. ಇಬ್ಬರೂ ಸಾಲು ಬಿಟ್ಟು ಬಾಗಿಲ ಕಡೆಗೆ ನಡೆದರು.

“ನಿಧಾನ,” ಎನ್ನುತ್ತಿದ್ದ ಅವನು, “ಭಾರ ಇದೆ.”