ಸೊನ್ನೆ ಹಾಕಿಸಿದ ಸಾಹೇಬರು

ಲೈಸೆನ್ಸ್ ನವೀಕರಣದ ಸಾಲು ಬೆಳಗಿನಿಂದ ಕದಲಿರಲಿಲ್ಲ. ಕೌಂಟರಿನಾಕೆ ಕಂಪ್ಯೂಟರಿನಲ್ಲಿ ಸುತ್ತುತ್ತಿದ್ದ ಚಕ್ರವನ್ನೇ ನೋಡುತ್ತ ಕೂತಿದ್ದಳು. ನನ್ನ ಮುಂದೆ ಒಬ್ಬ ಅಕ್ಕ, ಅವಳ ತಮ್ಮ.

“ಇದು ನೀನೇ ಬರೆದಿರೋ ಸಾಫ್ಟ್‌ವೇರ್ ಅಲ್ವೇನೋ?”

“ಮೆಲ್ಲಗೆ ಮಾತಾಡಕ್ಕಾ!”

“ಮೊದಲು ಹೀಗಿರಲಿಲ್ಲ.”

“ಮೊದಲು, ಐದು ಸೆಕೆಂಡಲ್ಲಿ ಸರ್ವರ್ ಉತ್ತರ ಕೊಡದಿದ್ರೆ ಕೈಬಿಡು ಅಂತ ಕೋಡ್ ಒಳಗೇ ಬರೆದಿದ್ದೆ. ನೆಟ್‌ವರ್ಕ್ ನಿಧಾನ ಇರೋ ಆಫೀಸಿನವರೆಲ್ಲ ಬೈದ್ರು. ಈಗ ಎಷ್ಟು ಹೊತ್ತು ಕಾಯ್ಬೇಕು ಅನ್ನೋದನ್ನ ಆಯಾ ಆಫೀಸಿನವರೇ ಸೆಟ್ಟಿಂಗ್‌ನಲ್ಲಿ ಹಾಕ್ಕೋಬಹುದು.”

“ಇಲ್ಲಿ ಎಷ್ಟು ಹಾಕಿದಾರೆ?”

“ಸೊನ್ನೆ. ‘ನಮ್ಮಲ್ಲಿ ಯಾರೂ ಒಂದು ಕ್ಷಣಾನೂ ಕಾಯೋ ಹಾಗಿಲ್ಲ’ ಅಂತ ಸಾಹೇಬ್ರು ನಿನ್ನೆ ಫೋನ್ ಮಾಡಿ ಜಂಬ ಕೊಚ್ಚಿದ್ರು.”

“ಸರಿಯಾಗೇ ಇದೆಯಲ್ಲ?”

“ನಾನು ಬರೆದಿರೋ ಪ್ರಕಾರ ಸೊನ್ನೆ ಅಂದ್ರೆ, ಉತ್ತರ ಬರೋವರೆಗೂ ಕಾಯ್ತಾನೇ ಇರು ಅಂತ.”

“ಅದಕ್ಕೆ ನೀನೇನಂದೆ?”

“ಆಗಲಿ ಸಾರ್ ಅಂದೆ. ದೊಡ್ಡವರಿಗೆ ಎದುರಾಡಬೇಡ ಅಂತ ನೀನೇ ಹೇಳ್ಕೊಟ್ಟಿದ್ದಲ್ವಾ?”

“ತಲೆಹರಟೆ! ಈಗ ಹೋಗಿ ಹೇಳು.”

ತಮ್ಮ ತಿರುಗಿ ನಮ್ಮೆಲ್ಲರ ಮುಖ ನೋಡಿದ.

“ಇವರೆಲ್ಲರ ಎದುರಿಗಾ? ಚರ್ಮ ಸುಲೀತಾರೆ. ಆಚೆ ಹೋಗಿ ಫೋನ್ ಮಾಡ್ತೀನಿ, ಬಾ.”

ಇಬ್ಬರೂ ಸದ್ದಿಲ್ಲದೆ ಬಾಗಿಲು ದಾಟಿದರು. ನಾನು ಎರಡು ಹೆಜ್ಜೆ ಮುಂದೆ ಬಂದೆ. ಬೆಳಗಿನಿಂದ ಆ ಸಾಲು ಕದಲಿದ್ದು ಅದೊಂದೇ ಸಲ.