ಈರಬಸಪ್ಪನ ಪೇಟಿ

೧೯೮೪ರ ಒಂದು ಮಧ್ಯಾಹ್ನ ಕಲಘಟಗಿಯ ಬಸ್ ನಿಲ್ದಾಣದಲ್ಲಿ, ಹೊಸ ಹಾರ್ಮೋನಿಯಂ ಪೇಟಿಯೊಂದನ್ನು ನಡುವೆ ಇಟ್ಟುಕೊಂಡು ಇಬ್ಬರು ನನ್ನ ಪಕ್ಕದಲ್ಲಿಯೇ ವಾದಿಸುತ್ತಿದ್ದರು: ಮಿಶ್ರಿಕೋಟಿಯ ಭಜನಾ ಮೇಳದ ಕುಬೇರಪ್ಪ ಮತ್ತು ಪೇಟಿ ಕಟ್ಟುವುದರಲ್ಲಿ ಹೆಸರಾದ ಈರಬಸಪ್ಪನ ಮಗಳು ಸುಶೀಲವ್ವ.

“ನಿಮ್ಮಪ್ಪನ ಕೈ ನಡಗಾಕ ಹತ್ತಿ ವರ್ಷ ಆತಂತ. ಖರೆ ಹೇಳು, ಇದನ್ನ ಕಟ್ಟಿದಾವ್ರು ಯಾರು?”

“ನಾನ ಕಟ್ಟೀನ್ರಿ, ಕಾಕಾ. ಸ್ವರಾನೂ ನಾನ ಕೂಡ್ಸೀನಿ.”

“ಹೆಣ್ಮಗಳು ಕಟ್ಟಿದ ಪೇಟಿ ತಗೊಂಡು ಹೋದ್ರ ಮೇಳದಾವ್ರು ನಗ್ತಾರ. ವಾಪಸ್ ಒಯ್ಯಿ.”

“ಅಪ್ಪ ಮಾಡೂ ಪರೀಕ್ಷಾ ನೀವೂ ಮಾಡ್ರಿ. ಗಾಳಿ ತುಂಬಿ ಕೈ ಬಿಡ್ರಿ. ಅಲ್ಲಿ ನಿಮ್ಮ ಬಸ್ ತಿರಗಾಕ ಹತ್ತೇತಿ. ಅದು ಬಂದು ನಿಂತ ಮ್ಯಾಲ ಒಂದು ಸ್ವರ ಒತ್ರಿ. ಗಾಳಿ ಸೋರಿ ಸ್ವರ ಬರಲಿಲ್ಲಂದ್ರ ನಾ ಇನ್ನ ಪೇಟಿ ಕಟ್ಟೂ ಹತಾರ ಮುಟ್ಟಂಗಿಲ್ಲ.”

ಕುಬೇರಪ್ಪ ಗಾಳಿ ತುಂಬಿ ಕೈ ತೆಗೆದ. ಇಬ್ಬರೂ ಪೇಟಿಯನ್ನೇ ನೋಡುತ್ತ ನಿಂತರು. ಬಸ್ಸು ಬಂದು ನಿಂತಿತು.

“ಒತ್ರಿ, ಕಾಕಾ.”

ಇಂಜಿನ್ನಿನ ಸದ್ದನ್ನು ಮೀರಿ ಸ್ವರವೊಂದು ತುಂಬಾ ಹೊತ್ತು ನಿಂತಿತು.

“ಇಟಗೋತೀನಿ. ಆದ್ರ ಈರಬಸಪ್ಪ ಕಟ್ಟಿದ್ದು ಅಂತನ ನಾ ಹೇಳಾಂವ. ನೀ ಬಾಯಿ ಬಿಡಬ್ಯಾಡ.”

ಅವನು ಪೇಟಿಯನ್ನು ಅಪ್ಪಿಕೊಂಡು ಬಸ್ಸು ಹತ್ತಿದ. ಅವಳು ಕಿಟಕಿಯ ಕೆಳಗೆ ಬಂದು ನಿಂತಳು.

“ಹಂಗ ಹೇಳ್ರಿ. ಒಳಗಿನ ಹಲಗಿ ಮ್ಯಾಲ ನನ್ನ ಹೆಸರು ಕೊರದೀನಿ.”

ಬಸ್ಸು ಆಗಲೇ ಹೊರಟಿತ್ತು.